ಹ್ಯಾಂಡಲ್ ಹೊರಗೆ ಬಾರದ ಹಳೆ ಸೈಕಲ್ಲನ್ನು ಹತ್ತಬೇಡಿ

ಮೊನ್ನೆ ಪರಿಚಯದ ಹುಡುಗನೊಬ್ಬ ಸಣ್ಣ ಚಕ್ರದ ಹಳೆ ಸೈಕಲ್ಲಿನ ಫೋಟೋ ಕಳಿಸಿದ. "ಅಣ್ಣ, ಗುಜರಿಯಲ್ಲಿ ಸಿಕ್ಕಿದೆ, ತಗೊಳ್ಳಲಾ?" ಅಂತ ಕೇಳಿದ. ಫೋಟೋ ನೋಡಿ ನನ್ನ ಎದೆ ಧಸಕ್ಕೆಂದಿತು. ನನ್ನದೂ ಅಂಥದೇ ಸೈಕಲ್. ಅವನಿಗೆ ಬರೆದ ಉತ್ತರವನ್ನೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಇನ್ನೂ ಯಾರಾದರೂ ಇಂಥ ಸೈಕಲ್ ಮನೆಗೆ ತಂದಿದ್ದರೆ ದಯವಿಟ್ಟು ಪೂರ್ತಿ ಓದಿ.

ನನ್ನದು ರ‍್ಯಾಲಿ ಕಂಪನಿಯ ಟ್ವೆಂಟಿ ಅನ್ನುವ ಮಾದರಿ. 1962ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಸಣ್ಣ ಚಕ್ರದ ಸೈಕಲ್ ತಂದ ಮೇಲೆ ಅಲ್ಲಿ ಅದೇ ಹುಚ್ಚು ಹಿಡಿಯಿತು. ರ‍್ಯಾಲಿಯವರು ಮೊದಲು 16 ಇಂಚಿನದೊಂದು ಮಾಡಿದರು, ಆಮೇಲೆ ಈ 20 ಇಂಚಿನದು ಬಂತು. ಗಟ್ಟಿ ಉಕ್ಕಿನ ಫ್ರೇಮ್, ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೇ ಮೂರು ಗೇರ್. ಮಂಗಳೂರಿನ ಬಂದರಿನ ಕಡೆಯ ಗುಜರಿ ಅಂಗಡಿಯೊಂದರಲ್ಲಿ ಕಬ್ಬಿಣದ ರಾಶಿಯ ಮೇಲೆ ಬಿದ್ದಿತ್ತು. 3,500 ರೂಪಾಯಿ ಕೊಟ್ಟು ತಂದೆ. ಹಿಂದಿನ ಹಬ್ಬಿನ ಮೇಲೆ ಒತ್ತಿದ್ದ ಅಂಕಿ 73. ಹಬ್ಬು ಮಾಡಿದ್ದು ಸ್ಟರ್ಮಿ ಆರ್ಚರ್ ಕಂಪನಿ, ಅವರ ಹಬ್ಬುಗಳ ಮೇಲೆ ತಯಾರಾದ ವರ್ಷ ಹಾಗೆ ಒತ್ತಿರುತ್ತಾರೆ. ಅಂದರೆ ಸೈಕಲ್ಲಿಗೆ ನನಗಿಂತ ಜಾಸ್ತಿ ವಯಸ್ಸು.

ಮೂರು ತಿಂಗಳು ಪ್ರತಿ ಭಾನುವಾರ ಅದರ ಜೊತೆಗೇ ಕಳೆದೆ. ಚೈನ್ ಸೀಮೆಎಣ್ಣೆಯಲ್ಲಿ ನೆನೆಸಿದೆ. ಮಡ್‌ಗಾರ್ಡ್ ಉಜ್ಜಿದೆ. ಪೆಡಲಿನ ಕೋಲನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಎರಡನ್ನೂ ಹೊಸದು ಹಾಕಿಸಿದೆ. ಟೈರಿಗೆ ಮಾತ್ರ ತುಂಬಾ ಅಲೆದಾಡಬೇಕಾಯಿತು. ಅಂಗಡಿಯಲ್ಲಿ "20 ಇಂಚು" ಅಂದರೆ ಕೊಡುವುದು ಮಕ್ಕಳ ಸೈಕಲ್ಲಿನ ಟೈರು, ಅದರ ಒಳ ವ್ಯಾಸ 406 ಮಿಲಿಮೀಟರ್. ನನ್ನ ರಿಮ್ 451. ಎರಡಕ್ಕೂ 20 ಇಂಚು ಅಂತಲೇ ಹೆಸರು, ವ್ಯಾಸದಲ್ಲಿ 45 ಮಿಲಿಮೀಟರ್ ವ್ಯತ್ಯಾಸ. ಲಿವರ್ ಹಾಕಿ ಎಷ್ಟು ಎಳೆದರೂ ಕೂರುವುದಿಲ್ಲ. ಟೈರ್ ತಗೊಳ್ಳುವ ಮೊದಲು ಅದರ ಪಕ್ಕದಲ್ಲಿ 37-451 (ಮೊದಲನೆಯದು ಟೈರಿನ ಅಗಲ) ಅಂತ ಇದೆಯಾ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿದವನು ಒಂದೇ ಒಂದು ಕೆಲಸ ಬಿಟ್ಟೆ. ಮುಂದಿನ ಚಕ್ರವನ್ನು ಹಿಡಿದಿರುವ ಕವಲು, ಅಂದರೆ ಫೋರ್ಕ್ ಬಿಚ್ಚಲಿಲ್ಲ.

ಬಿಚ್ಚಲು ನೋಡಿದ್ದೆ. ಹ್ಯಾಂಡಲ್ಲಿನ ಕೊಳವೆ ಫೋರ್ಕಿನ ಕೊಳವೆಯೊಳಗೆ ಇಳಿದಿರುತ್ತದೆ. ಮೇಲಿನ ಬೋಲ್ಟ್ ಬಿಗಿ ಮಾಡಿದರೆ ತುದಿಯಲ್ಲಿರುವ ಬೆಣೆ ಮೇಲಕ್ಕೆ ಬಂದು ಒಳಗಿಂದ ಹಿಡಿದುಕೊಳ್ಳುತ್ತದೆ. ಬೋಲ್ಟ್ ಸಡಿಲ ಮಾಡಿ ಅದರ ತಲೆಗೆ ಒಂದೆರಡು ಪೆಟ್ಟು ಕೊಟ್ಟರೆ ಬೆಣೆ ಬಿಡಬೇಕು, ಹ್ಯಾಂಡಲ್ ಮೇಲೆ ಬರಬೇಕು. ನನ್ನದು ಅಲುಗಲಿಲ್ಲ. ಎಣ್ಣೆ ಬಿಟ್ಟು ಎರಡು ದಿನ ಇಟ್ಟೆ, ಆಗಲೂ ಇಲ್ಲ. ಪೇಂಟಿನವರು, "ಫೋರ್ಕ್ ಬಿಚ್ಚಿ ಕೊಡಿ ಸಾರ್" ಅಂದಿದ್ದರು. ಬರ್ತಾ ಇಲ್ಲ ಅಂದೆ. ಅವರು ಹ್ಯಾಂಡಲ್ಲಿಗೆ ಟೇಪ್ ಸುತ್ತಿ ಹಾಗೇ ಪೇಂಟ್ ಹೊಡೆದು ಕೊಟ್ಟರು. ಕಡು ಹಸಿರು ಬಣ್ಣ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹ್ಯಾಂಡಲ್ ಎರಡೂ ಕಡೆ ಸಲೀಸಾಗಿ ತಿರುಗುತ್ತಿತ್ತು. ತಿರುಗುತ್ತಿದೆಯಲ್ಲ, ಸಾಕು ಅಂದುಕೊಂಡೆ. ಅದೇ ನಾನು ಮಾಡಿದ ತಪ್ಪು. ಹ್ಯಾಂಡಲ್ ಹೊರಗೆ ಬರುತ್ತಿಲ್ಲ ಅಂದರೆ ಒಳಗೆ ತುಕ್ಕು ಕಚ್ಚಿ ಹಿಡಿದಿದೆ ಅಂತಲೇ ಅರ್ಥ.

ಏಪ್ರಿಲ್‌ನಲ್ಲಿ ಓಡಿಸಲು ಶುರು ಮಾಡಿದೆ. ಎರಡು ತಿಂಗಳು ಚೆನ್ನಾಗಿ ಓಡಿತು. ಮಧ್ಯೆ ಒಂದು ಸಲ ಕದ್ರಿಯ ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಪೆಡಲ್ ಗಕ್ಕನೆ ಖಾಲಿ ತಿರುಗಿ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು. ಈ ಮೂರು ಗೇರಿನ ಹಬ್ಬಿನಲ್ಲಿ ಎರಡನೇ ಗೇರಿಗೂ ಮೂರನೇ ಗೇರಿಗೂ ನಡುವೆ ಏನೂ ಹಿಡಿಯದ ಜಾಗವೊಂದಿದೆ. ಕೇಬಲ್ ಸರಿ ಇಲ್ಲದಿದ್ದರೆ ಗೇರ್ ಜಾರಿ ಅಲ್ಲಿಗೆ ಬೀಳುತ್ತದೆ. ಗೇರನ್ನು ಎರಡರಲ್ಲಿಟ್ಟು ಹಿಂದಿನ ಚಕ್ರದ ಬಲಗಡೆಯ ನಟ್ಟಿನ ಕಿಂಡಿಯಲ್ಲಿ ಇಣುಕಿ ನೋಡಿ. ಗೇರ್ ಕೇಬಲ್ಲಿನ ಸಣ್ಣ ಚೈನ್ ಸಿಕ್ಕಿಸಿರುವ ಕಡ್ಡಿಯ ತುದಿಯೂ ಆಕ್ಸಲ್ಲಿನ ತುದಿಯೂ ಒಂದೇ ಸಮ ಇರಬೇಕು. ಐದು ನಿಮಿಷದ ಕೆಲಸ. ಅದನ್ನು ಸರಿ ಮಾಡಿಕೊಂಡೆ, ಇನ್ನೇನೂ ತೊಂದರೆ ಇಲ್ಲ ಅನಿಸಿತು.

ಜೂನ್ ಬಂತು. ನಮ್ಮೂರ ಮಳೆ ಗೊತ್ತಲ್ಲ. ಆ ದಿನ ಬೆಳಿಗ್ಗೆ ಮಳೆ ನಿಂತು ರಸ್ತೆ ಇನ್ನೂ ಒದ್ದೆ ಇತ್ತು. ಬಾವುಟಗುಡ್ಡೆಯಿಂದ ಹಂಪನಕಟ್ಟೆಯ ಕಡೆಗೆ ಇಳಿಯುತ್ತಿದ್ದೆ. ಮುಂದೆ ಆಟೋ ನಿಂತಿತು, ಬ್ರೇಕ್ ಒತ್ತಿದೆ. ಏನೂ ಆಗಲಿಲ್ಲ. ಕ್ರೋಮ್ ಹಾಕಿದ ಉಕ್ಕಿನ ರಿಮ್ ಒದ್ದೆಯಾದರೆ ಬ್ರೇಕ್ ರಬ್ಬರ್ ಎಣ್ಣೆಯ ಮೇಲೆ ಜಾರಿದ ಹಾಗೆ ಜಾರುತ್ತದೆ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ. ಆಟೋದಿಂದ ತಪ್ಪಿಸಿಕೊಳ್ಳಲು ಎಡಕ್ಕೆ ತಿರುಗಿಸಿದೆ. ಕಾಂಕ್ರೀಟ್ ಮುಗಿಯುವ ಅಂಚಿನಲ್ಲಿ ನೀರು ತುಂಬಿದ ಹೊಂಡ ಇತ್ತು. ದೊಡ್ಡ ಚಕ್ರ ಆಗಿದ್ದರೆ ಹಾರಿ ಹೋಗುತ್ತಿತ್ತೇನೋ. ಸಣ್ಣ ಚಕ್ರ ಪೂರ್ತಿ ಇಳಿಯಿತು. ಕೈಯ ಕೆಳಗೆ "ಟಕ್" ಅಂತ ಒಂದು ಸದ್ದು. ಬಲ ಮಗ್ಗುಲಿಗೆ ಬಿದ್ದೆ. ಮಣಿಕಟ್ಟು ಉಳುಕಿತು, ಮೊಣಕೈ ತರಚಿತು. ಹಿಂದಿನಿಂದ ಬಸ್ ಬರುತ್ತಿರಲಿಲ್ಲ, ಅದೇ ಪುಣ್ಯ.

ಎದ್ದು ನೋಡಿದರೆ ಹೊರಗೆ ಏನೂ ಮುರಿದಿರಲಿಲ್ಲ. ಪೇಂಟಿನಲ್ಲಿ ಒಂದು ಗೆರೆ ಕೂಡ ಬಿದ್ದಿರಲಿಲ್ಲ. ಆದರೆ ಆ ಸದ್ದು ತಲೆಯಿಂದ ಹೋಗಲಿಲ್ಲ. ತಳ್ಳಿಕೊಂಡು ಹೋಗಿ ಪರಿಚಯದ ಹಿರಿಯ ಸೈಕಲ್ ಮೆಕ್ಯಾನಿಕ್ ಹತ್ತಿರ ಬಿಟ್ಟೆ. ಅವರು ಹ್ಯಾಂಡಲ್ಲನ್ನು ಕೊಯ್ದೇ ತೆಗೆದರು. ಮರುದಿನ ಹೋದಾಗ ಫೋರ್ಕಿನ ತುಂಡನ್ನು ನನ್ನ ಕೈಗೆ ಕೊಟ್ಟು, "ಎಂತ ಮಾರಾಯ್ರೆ ಇದು, ಇದರಲ್ಲಿ ನೀವು ಗುಡ್ಡೆ ಇಳಿದದ್ದಾ?" ಅಂತ ಕೇಳಿದರು.

ಸರಿಯಾಗಿ ಬೆಣೆ ಕೂರುವ ಜಾಗದಲ್ಲಿ ಕೊಳವೆ ಅರ್ಧ ಸುತ್ತಿಗಿಂತ ಜಾಸ್ತಿ ಸೀಳಿತ್ತು. ಸೀಳಿನ ಅಂಚು ಬಹುಪಾಲು ಕಂದು ಬಣ್ಣ. ಅಂದರೆ ಅದು ಹಳೇ ಬಿರುಕು, ನಾನು ಕೊಳ್ಳುವ ಮೊದಲೇ ಇದ್ದದ್ದು. ಒಂದು ಬೆರಳಗಲ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅದು ಹಿಂದಿನ ದಿನ ಹರಿದದ್ದು. ಒಳಗಡೆ ಬೆರಳು ಹಾಕಿದರೆ ತುಕ್ಕು ಚಕ್ಕೆ ಚಕ್ಕೆಯಾಗಿ ಉದುರಿತು, ಅವಲಕ್ಕಿಯ ಹಾಗೆ. ಮೇಲಿನಿಂದ ಇಳಿದ ನೀರು ಬೆಣೆಯ ಹತ್ತಿರ ನಿಂತುಬಿಡುತ್ತದೆ, ನಮ್ಮ ಕಡಲ ಗಾಳಿಯ ಉಪ್ಪೂ ಸೇರಿಕೊಳ್ಳುತ್ತದೆ. ಇದರಲ್ಲಿ ಸೈಕಲ್ ಮಾಡಿದವರ ತಪ್ಪು ಏನೂ ಇಲ್ಲ. ಇಷ್ಟು ವರ್ಷ ಯಾರೂ ಬಿಚ್ಚಿ ಗ್ರೀಸ್ ಹಾಕಿರಲಿಲ್ಲ.

ಬೀಳುವ ಹಿಂದಿನ ಸಂಜೆ ಅದೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಮಗಳನ್ನು ಕೂರಿಸಿಕೊಂಡು ಕದ್ರಿ ಪಾರ್ಕಿಗೆ ಹೋಗಿ ಬಂದಿದ್ದೆ. ಆ ತುಂಡನ್ನು ಕೈಯಲ್ಲಿ ಹಿಡಿದು ನಿಂತಾಗ ನೆನಪಾದದ್ದು ಅದೊಂದೇ.

ಹಾಗಾಗಿ ಆ ಹುಡುಗನಿಗೆ ಹೇಳಿದ್ದು ಇಷ್ಟು. ತಗೋ, ಆದರೆ ಪೇಂಟಿಗೆ ಮೊದಲು ಹ್ಯಾಂಡಲ್, ಸೀಟಿನ ಕಂಬ, ಫೋರ್ಕ್ ಮೂರೂ ಹೊರಗೆ ಬರಲೇಬೇಕು. ಬಾರದಿದ್ದರೆ ಕೊಯ್ದು ತೆಗೆಸು. ಹಾಳಾಗುತ್ತದೆ ಅಂತ ಹೆದರಬೇಡ. ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡು, ಬೆರಳು ಹಾಕಿ ನೋಡು. ಮಾರುವವರು ಆಗಲೇ ಹೊಸ ಪೇಂಟ್ ಹೊಡೆದಿಟ್ಟಿದ್ದರೆ ಇನ್ನೂ ಅನುಮಾನ ಪಡು. ಒಂದು ಅಯಸ್ಕಾಂತ ತಗೊಂಡು ಹೋಗಿ ಫ್ರೇಮಿನ ಉದ್ದಕ್ಕೂ ಸವರು. ಯಾವ ಜಾಗದಲ್ಲಿ ಹಿಡಿತ ಸಡಿಲವೋ ಅಲ್ಲಿ ಪುಟ್ಟಿ ತುಂಬಿರಬಹುದು. ಉಕ್ಕಿನ ರಿಮ್ ಇರುವವರೆಗೆ ಮಳೆಯಲ್ಲಿ ಗುಡ್ಡೆ ಇಳಿಯಬೇಡ.

ಇನ್ನೊಂದು ಮಾತು. ಸೀಳಿದ ಕೊಳವೆಗೆ 300 ರೂಪಾಯಿಯಲ್ಲಿ ವೆಲ್ಡಿಂಗ್ ಮಾಡಿ ಕೊಡುತ್ತೇನೆ ಅಂತ ಒಬ್ಬರು ಹೇಳಿದರು. ಒಪ್ಪಬೇಡಿ. ತುಕ್ಕು ತಿಂದ ತೆಳು ಉಕ್ಕಿಗೆ ವೆಲ್ಡಿಂಗ್ ಹಾಕಿದರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಬೇರೆ ಸೈಕಲ್ಲಿನ ಫೋರ್ಕ್ ಹಾಕೋಣ ಅಂದರೆ ಅದೂ ಸುಲಭ ಇಲ್ಲ. ರ‍್ಯಾಲಿಯ ಈ ಸೈಕಲ್ಲಿನಲ್ಲಿ ಫೋರ್ಕಿನ ಕೊಳವೆಗೆ ಇಂಚಿಗೆ 26 ಮರೆ (ಸ್ಕ್ರೂ ಸುತ್ತು), ಸಾಮಾನ್ಯವಾಗಿ ಸಿಗುವುದು 24. ಬಲವಂತವಾಗಿ ತಿರುಗಿಸಿದರೆ ಎರಡೂ ಮರೆ ಹಾಳು.

ನನ್ನ ಫ್ರೇಮ್ ಈಗ ಜಗಲಿಯಲ್ಲಿ ನೇತಾಡುತ್ತಿದೆ. ಸರಿಯಾದ ಫೋರ್ಕ್ ಹುಡುಕುತ್ತಿದ್ದೇನೆ, ಜೊತೆಗೆ 451ರ ಅಲ್ಯೂಮಿನಿಯಂ ರಿಮ್ ಎರಡು. ಆ ಸೀಳಿದ ತುಂಡನ್ನು ಎಸೆದಿಲ್ಲ. ಹುಡುಗ ಭಾನುವಾರ ಮನೆಗೆ ಬರುತ್ತಾನೆ. ಮೊದಲು ಅದನ್ನು ಅವನ ಕೈಗೆ ಕೊಡುತ್ತೇನೆ, ಆಮೇಲೆ ಇಬ್ಬರೂ ಸೇರಿ ಅವನ ಸೈಕಲ್ಲಿನ ಹ್ಯಾಂಡಲ್ ಬಿಚ್ಚುತ್ತೇವೆ.