ಒಂಬತ್ತು ಪಿನ್ನು, ಒಂಬತ್ತು ವರ್ಷ: ನಮ್ಮ ಆಫೀಸಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್

ಲೇಸರ್ ಪ್ರಿಂಟರ್ ಇರುವ ಕಾಲದಲ್ಲಿ ಈ ಡಾಟ್ ಮ್ಯಾಟ್ರಿಕ್ಸ್ ಯಾಕೆ ಎಂದು ಕೇಳುವವರಿಗೆ ನಾನು ಮೊದಲು ನಮ್ಮ ಬಿಲ್ಟಿ, ಅಂದರೆ ಲಾರಿಗೆ ಹಾಕಿದ ಮಾಲಿನ ರಸೀದಿ, ತೋರಿಸುತ್ತೇನೆ. ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸು. ಧಾರವಾಡ, ಗದಗ, ಗಜೇಂದ್ರಗಡ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಗೆ ದಿನಾ ಮಾಲು ಹೋಗುತ್ತದೆ. ಒಂದು ಬಿಲ್ಟಿಗೆ ನಾಲ್ಕು ಹಾಳೆ. ಕಳಿಸಿದವರಿಗೆ ಬಿಳಿ, ತಗೊಳ್ಳುವವರಿಗೆ ಗುಲಾಬಿ, ಡ್ರೈವರ್‌ಗೆ ಹಳದಿ, ಆಫೀಸಿಗೆ ಹಸಿರು. ಪ್ರಿಂಟರ್‌ನ ಪಿನ್ನು ರಿಬ್ಬನ್ನಿನ ಮೇಲೆ ಬಡಿಯುತ್ತದೆ, ಆ ಪೆಟ್ಟು ನಾಲ್ಕೂ ಹಾಳೆಗೆ ಇಳಿಯುತ್ತದೆ. ಲೇಸರ್‌ನಲ್ಲಿ ಪೆಟ್ಟೇ ಇಲ್ಲ. ನಾಲ್ಕು ಸಲ ಬೇರೆ ಬೇರೆ ತೆಗೆಯಬೇಕು, ಸಹಿಯನ್ನೂ ನಾಲ್ಕು ಕಡೆ ಹಾಕಿಸಬೇಕು. ಇಲ್ಲಿ ಮೇಲಿನ ಹಾಳೆಯ ಮೇಲೆ ಒತ್ತಿ ಒಂದು ಸಹಿ ಹಾಕಿದರೆ ಕೆಳಗಿನ ಮೂರಕ್ಕೂ ಮೂಡುತ್ತದೆ.

2016ರ ದೀಪಾವಳಿ ಹೊತ್ತಿಗೆ ಇದನ್ನು ತಂದೆವು. ಮುಂದಿನ ವರ್ಷ ಜುಲೈನಲ್ಲಿ ಜಿಎಸ್‌ಟಿ ಬಂತು, 2018ರ ಏಪ್ರಿಲ್ 1ಕ್ಕೆ ಮಾಲು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಇ-ವೇ ಬಿಲ್. ಇನ್ನು ಕಾಗದದ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. 50,000 ರೂಪಾಯಿ ಮೀರಿದ ಮಾಲು ಇದ್ದರೆ ಪೋರ್ಟಲ್‌ನಲ್ಲಿ ಲಾರಿ ನಂಬರ್ ಹಾಕುತ್ತೇನೆ, ಬಿಲ್ಲನ್ನು ಡ್ರೈವರ್ ಫೋನಿಗೆ ಕಳಿಸುತ್ತೇನೆ. ಆ ಬಿಲ್ಲಿನ ಅವಧಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ತೆರಿಗೆಯವರು ತಡೆದರೆ ಇ-ವೇ ಬಿಲ್ಲಿಗೆ ಫೋನ್ ತೋರಿಸಿದರೆ ಸಾಕು. ಆದರೆ ಮಾಲು ಸರಿಯಾಗಿ ಬಂತು ಎಂದು ಅಂಗಡಿಯವರು ಸಹಿ ಹಾಕುವುದು ಇಂದಿಗೂ ಆ ಹಳದಿ ಹಾಳೆಯ ಮೇಲೆಯೇ. ಬಾಡಿಗೆ ವಸೂಲಾಗುವುದು ಅದು ವಾಪಸ್ ಬಂದ ಮೇಲೆ.

ಬೆಳಗ್ಗೆ ಒಂಬತ್ತೂವರೆಗೆ ಬೀಗ ತೆಗೆದ ಕೂಡಲೇ ನನ್ನ ಮೊದಲ ಕೆಲಸ ಪ್ರಿಂಟರ್ ಮೇಲಿನ ಬಟ್ಟೆ ತೆಗೆಯುವುದು. ಈ ಬಟ್ಟೆ ಇಲ್ಲದೆ ಆಗುವುದಿಲ್ಲ. ಸುಗ್ಗಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಚೀಲ ಬಂದು ಬಿದ್ದರೆ ಇಡೀ ಗೋಡೌನ್ ಘಾಟು. ಆ ಕೆಂಪು ಧೂಳು ಪಿನ್ನುಗಳಿರುವ ಹೆಡ್ಡು ಓಡಾಡುವ ಸರಳಿನ ಮೇಲೆ ಕೂತರೆ ಹೆಡ್ಡು ತಡವರಿಸುತ್ತದೆ. ಒಣ ಬಟ್ಟೆಯಲ್ಲಿ ಸರಳು ಒರೆಸುತ್ತೇನೆ. ರಿಬ್ಬನ್ ಪೆಟ್ಟಿಗೆಯ ಗುಂಡಿಯನ್ನು ಎರಡು ಸುತ್ತು ತಿರುಗಿಸಿ ಸಡಿಲ ಇದ್ದರೆ ಬಿಗಿ ಮಾಡುತ್ತೇನೆ. ಹಾಳೆಯ ಎರಡೂ ಬದಿಯ ತೂತುಗಳನ್ನು ಹಲ್ಲುಗಳ ಮೇಲೆ ಕೂರಿಸಿ ಮುಚ್ಚಳ ಒತ್ತುತ್ತೇನೆ. ಎಡಗಡೆ ಒಂದು ತೂತು ಹೆಚ್ಚುಕಡಿಮೆ ಆದರೂ ಹತ್ತನೇ ಬಿಲ್ಟಿ ಹೊತ್ತಿಗೆ ಹಾಳೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಊದಿನಕಡ್ಡಿ. ಆಯುಧಪೂಜೆಗೆ, ದೀಪಾವಳಿ ಲಕ್ಷ್ಮೀಪೂಜೆಗೆ ಕಿರ್ದಿ ಪುಸ್ತಕದ ಪಕ್ಕದಲ್ಲೇ ಇದಕ್ಕೂ ಅರಿಶಿನ ಕುಂಕುಮ, ಚೆಂಡು ಹೂವಿನ ಹಾರ.

ಬಿಲ್ಟಿ ಹರಿದ ಮೇಲೆ ಅಂಚಿನ ತೂತಿನ ಪಟ್ಟಿ ಉಳಿಯುತ್ತದಲ್ಲ, ಅದನ್ನು ನಾನು ಎಸೆಯುವುದಿಲ್ಲ. ಒಂದು ಡಬ್ಬಿಯಲ್ಲಿ ಹಾಕಿಟ್ಟು ಮನೆಗೆ ಒಯ್ಯುತ್ತೇನೆ. ಮಗಳು ಚಿಕ್ಕವಳಿದ್ದಾಗ ಅದನ್ನು ಜಡೆ ಹೆಣೆದು ತೋರಣ ಮಾಡುತ್ತಿದ್ದಳು. ಈಗ ಎಂಟನೇ ಕ್ಲಾಸು, ಆದರೂ ಕೇಳುತ್ತಾಳೆ.

ಇಷ್ಟು ಪ್ರೀತಿ ಇದ್ದರೂ ಮೊದಲ ಎರಡು ವರ್ಷ ಈ ಯಂತ್ರದ ಮೇಲೆ ನನಗೆ ಸಿಟ್ಟಿತ್ತು. ಕಾರಣ ಒಂದೇ. ಇದಕ್ಕೆ ಕನ್ನಡ ಬರುವುದಿಲ್ಲ.

ಬಿಲ್ಟಿ ಜೊತೆ ನಾವು ಲೋಡಿಂಗ್ ಚೀಟಿ ಅಂತ ಒಂದು ತೆಗೆಯುತ್ತೇವೆ. ಯಾವ ಊರಿಗೆ ಎಷ್ಟು ನಗ (ಚೀಲ, ಪೆಟ್ಟಿಗೆಗಳ ಎಣಿಕೆ), ಯಾವುದು ಮೊದಲು ಇಳಿಯಬೇಕು ಅನ್ನುವ ಪಟ್ಟಿ ಅದು. ಹಮಾಲರು ಅದನ್ನು ನೋಡಿಯೇ ಲಾರಿ ತುಂಬುತ್ತಾರೆ. ನಮ್ಮ ಬುಕಿಂಗ್ ಸಾಫ್ಟ್‌ವೇರ್ ಅದನ್ನು ಇಂಗ್ಲಿಷಿನಲ್ಲೇ ಕೊಡುತ್ತಿತ್ತು. ನಮ್ಮ ಹಮಾಲರಲ್ಲಿ ಹಿರಿಯರಾದ ಕಾಕಾ ಇಂಗ್ಲಿಷ್ ಓದುವವರಲ್ಲ. ಮೊದಲ ಅಕ್ಷರದ ಆಕಾರ ನೆನಪಿಟ್ಟುಕೊಂಡು ಕೆಲಸ ನಡೆಸುತ್ತಿದ್ದರು. ಒಂದು ದಿನ ಗಜೇಂದ್ರಗಡಕ್ಕೆ ಹೋಗಬೇಕಿದ್ದ ಪಂಪಿನ ಮೋಟರ್ ಗದಗಿನ ನಗಗಳ ಜೊತೆ ಸೇರಿ ಗದಗಿನಲ್ಲೇ ಇಳಿಯಿತು. ಎರಡೂ ಹೆಸರು ಇಂಗ್ಲಿಷಿನಲ್ಲಿ ಜಿ, ಎ ಎಂದೇ ಶುರು. ಬೆಳೆಗೆ ನೀರು ಬಿಡುವ ಹೊತ್ತು. ಆ ರೈತರು ಎರಡು ದಿನ ಮೋಟರ್ ಇಲ್ಲದೆ ಕೂತರು. ಸಾವ್ಕಾರ್ರು ಕಾಕಾಗೆ ಎಲ್ಲರೆದುರು ಬೈದರು.

ಸಂಜೆ ಕಾಕಾ ನನ್ನ ಟೇಬಲ್ ಹತ್ತಿರ ಬಂದು ಚೀಟಿ ಇಟ್ಟರು. “ಅಕ್ಕಾರ, ನಾ ಕನ್ನಡ ಸಾಲ್ಯಾಗ ನಾಕನೇತ್ತಾ ತನಕ ಕಲ್ತೇನ್ರಿ. ಇದನ್ನ ಕನ್ನಡದಾಗ ಕೊಟ್ರ ನಾನ ಓದತೇನ್ರಿ” ಅಂದರು. ನನಗೆ ಮುಖ ಎತ್ತಿ ನೋಡಲು ಆಗಲಿಲ್ಲ. ತಪ್ಪು ಅವರದಲ್ಲ, ಚೀಟಿಯದು. ಚೀಟಿ ಕೊಡುತ್ತಿದ್ದವಳು ನಾನು.

ಮಾರನೇ ದಿನವೇ ಕೂತೆ. ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತ ನುಡಿ ಕೀಲಿಮಣೆ ಬೆರಳಿಗೆ ಇನ್ನೂ ಇತ್ತು. ಎಕ್ಸೆಲ್‌ನಲ್ಲಿ ನಮ್ಮ ರೂಟಿನ ಎಲ್ಲ ಊರುಗಳನ್ನು ಒಂದು ಕಡೆ ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಕನ್ನಡದಲ್ಲಿ, ಯೂನಿಕೋಡಿನಲ್ಲಿ ಬರೆದೆ. ಸಾಫ್ಟ್‌ವೇರಿನ ಪಟ್ಟಿಯನ್ನು ಅಲ್ಲಿ ತಂದು ಅಂಟಿಸಿದರೆ ವಿ-ಲುಕಪ್ ಸೂತ್ರ ಹೆಸರು ಹುಡುಕಿ ಕನ್ನಡದ ಹೆಸರು ಕೂರಿಸುತ್ತದೆ. ಸ್ಕ್ರೀನ್ ಮೇಲೆ ಮುತ್ತಿನಂತೆ ಬಂತು. ಪ್ರಿಂಟ್ ಕೊಟ್ಟೆ.

ಇಂಗ್ಲಿಷ್ ಬಿಲ್ಟಿ ಹತ್ತು ಹನ್ನೆರಡು ಸೆಕೆಂಡಿನಲ್ಲಿ ಬರುತ್ತಿತ್ತು. ಕನ್ನಡದ ಚೀಟಿಗೆ ನಿಮಿಷದ ಹತ್ತಿರ ಬೇಕಾಯಿತು. ಬಂದದ್ದೂ ಮಸಿ ಮಸಿ. ‘ಧಾರವಾಡ’ ಹೋಗಿ ‘ದಾರವಾಡ’ ಆಗಿತ್ತು. ಧ ಅಕ್ಷರದ ಹೊಟ್ಟೆ ಸೀಳು ಮುಚ್ಚಿಹೋಗಿತ್ತು. ‘ಹುಬ್ಬಳ್ಳಿ’ಯ ಒತ್ತುಗಳು ಕೆಳಗಿನ ಸಾಲಿನ ಗೆರೆಗೆ ಅಂಟಿಕೊಂಡಿದ್ದವು. ‘ಗದಗ’ ಮಾತ್ರ ಒತ್ತು ಇಲ್ಲ, ಗುಡಿಸು ಇಲ್ಲ, ಚೊಕ್ಕವಾಗಿ ನಿಂತಿತ್ತು.

ರಿಪೇರಿಯವರನ್ನು ಕೇಳಿದಾಗ ವಿಷಯ ತಿಳಿಯಿತು. ಇಂಥ ಪ್ರಿಂಟರ್ ಒಳಗೆ ಇಂಗ್ಲಿಷ್ ಅಕ್ಷರಗಳ ಅಚ್ಚು ಮೊದಲೇ ತುಂಬಿರುತ್ತದೆ. ಕಂಪ್ಯೂಟರ್ ಬರೀ ಸಂಕೇತ ಕಳಿಸಿದರೆ ಸಾಕು, ಅದೇ ಬಡಿದುಕೊಳ್ಳುತ್ತದೆ. ಕನ್ನಡಕ್ಕೆ ನಮ್ಮದರಲ್ಲಿ ಅಂಥ ಅಚ್ಚಿಲ್ಲ. ಹಾಗಾಗಿ ಕಂಪ್ಯೂಟರ್ ಪ್ರತಿ ಸಾಲನ್ನೂ ಚಿತ್ರವಾಗಿ ಕಳಿಸುತ್ತದೆ, ಹೆಡ್ಡು ಒಂದೇ ಸಾಲಿನ ಮೇಲೆ ಎರಡು ಮೂರು ಸಲ ಓಡಾಡುತ್ತದೆ. ಇಂಗ್ಲಿಷ್ ಅಕ್ಷರ ಹೆಡ್ಡಿನ ಒಂಬತ್ತು ಪಿನ್ನು ಮೂಡಿಸುವ ಒಂಬತ್ತು ಚುಕ್ಕೆಯ ಎತ್ತರದಲ್ಲಿ ಕೂತುಬಿಡುತ್ತದೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಅಷ್ಟು ಜಾಗ ಅಲ್ಲೆಲ್ಲಿದೆ?

ನಾನು ಮೊದಲು ಅಕ್ಷರ ದಪ್ಪ ಮಾಡಿ ನೋಡಿದೆ. ಇನ್ನೂ ಕೆಟ್ಟಿತು. ಗೆರೆ ದಪ್ಪ ಆದಷ್ಟೂ ಸೀಳು ಮುಚ್ಚುತ್ತದೆ. ಆಮೇಲೆ ದಪ್ಪ ತೆಗೆದು, ಗಾತ್ರ ಜಾಸ್ತಿ ಮಾಡಿದೆ. 12ಕ್ಕೆ ಸರಿಹೋಗಲಿಲ್ಲ, 14ಕ್ಕೆ ಅರ್ಧ ಸರಿ. ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಫಾಂಟನ್ನು 16ಕ್ಕೆ ಇಟ್ಟಾಗ ಧ ಅಕ್ಷರದ ಸೀಳು ತೆರೆದುಕೊಂಡಿತು. ಸಾಲಿನ ಎತ್ತರ ಹೆಚ್ಚಿಸಿದ್ದಕ್ಕೆ ಒತ್ತು ಬಿಡಿಬಿಡಿಯಾಗಿ ನಿಂತಿತು. ಎಕ್ಸೆಲ್‌ನ ಚೌಕಗಳ ಗೆರೆ ಪೂರ್ತಿ ತೆಗೆದುಬಿಟ್ಟೆ. ಗೆರೆಗಳೂ ಚಿತ್ರವೇ ಅಲ್ವಾ, ಅವು ಹೋದ ಮೇಲೆ ಹೆಡ್ಡಿನ ಓಡಾಟ ಕಡಿಮೆಯಾಗಿ ಸಮಯವೂ ಉಳಿಯಿತು. ಈಗ ಇಪ್ಪತ್ತು ಸಾಲಿನ ಚೀಟಿಗೆ ಮುಕ್ಕಾಲು ನಿಮಿಷ.

ಆ ಚೀಟಿಯನ್ನು ಕಾಕಾ ಕೈಗೆ ಕೊಟ್ಟ ದಿನ ಅವರು ಗೋಡೌನ್ ಬಾಗಿಲಲ್ಲಿ ನಿಂತು ಜೋರಾಗಿ ಓದಿದರು. “ರಾಣೆಬೆನ್ನೂರು ಹದಿನಾಲ್ಕು. ಹಾವೇರಿ ಒಂಬತ್ತು. ಶಿಗ್ಗಾಂವಿ ಮೂರು.” ಒಂದೊಂದು ಊರು ಓದಿ, ತಲೆ ಎತ್ತಿ ಹುಡುಗರನ್ನು ನೋಡಿ, ಮುಂದಿನದು. ದೂರದ ಊರಿನ ಮಾಲು ಒಳಗೆ, ಹತ್ತಿರದ್ದು ಬಾಗಿಲ ಹತ್ತಿರ. ಅವತ್ತಿನಿಂದ ಲೋಡಿಂಗ್ ಹೊತ್ತಿಗೆ ಯಾರೂ ನನ್ನ ಟೇಬಲ್‌ಗೆ ಬಂದು ‘ಇದು ಯಾವ ಊರ್ರೀ’ ಎಂದು ಕೇಳಿಲ್ಲ. ಊರು ತಪ್ಪಿ ಇಳಿದ ಮಾಲು ಈ ಏಳು ವರ್ಷದಲ್ಲಿ ಎರಡೇ, ಎರಡೂ ನಾನು ಬುಕಿಂಗ್‌ನಲ್ಲೇ ತಪ್ಪಾಗಿ ಹಾಕಿದ್ದು.

ಮುಕ್ಕಾಲು ನಿಮಿಷದ ಆ ಸದ್ದು ಮೊದಲು ತಲೆನೋವು ತರುತ್ತಿತ್ತು. ಈಗ ಹಾಗಿಲ್ಲ. ಬಿಲ್ಟಿಯ ಸದ್ದು ಬೇರೆ, ಕನ್ನಡದ ಸದ್ದು ಬೇರೆ. ಬಿಲ್ಟಿ ಚರ್ ಚರ್ ಎಂದು ಓಡುತ್ತದೆ. ಕನ್ನಡದ ಚೀಟಿ ನಿಧಾನ, ಒತ್ತಿ ಒತ್ತಿ ಬರೆದ ಹಾಗೆ. ಆ ಸದ್ದು ಶುರುವಾದರೆ ಹಮಾಲರು ಚಹಾ ಕಪ್ಪು ಕೆಳಗಿಟ್ಟು ಎದ್ದು ನಿಲ್ಲುತ್ತಾರೆ.

ಖರ್ಚಿನ ಮಾತು. ಐದನೇ ವರ್ಷ ಒಂದು ಪಿನ್ನು ಮುರಿಯಿತು. ಎಲ್ಲ ಅಕ್ಷರದ ನಡುವೆ ಒಂದು ಬಿಳಿ ಗೆರೆ. ಅದಕ್ಕೆ ಕಾರಣ ನಾನೇ. ಹಾಳೆಯ ದಪ್ಪಕ್ಕೆ ತಕ್ಕಂತೆ ಸರಿಸುವ ಒಂದು ಸಣ್ಣ ಹಿಡಿ ಬದಿಯಲ್ಲಿರುತ್ತದೆ. ಚೀಟಿಗೆ ಒಂದೇ ಹಾಳೆ, ಬಿಲ್ಟಿಗೆ ನಾಲ್ಕು. ಚೀಟಿ ತೆಗೆದ ಮೇಲೆ ಹಿಡಿಯನ್ನು ವಾಪಸ್ ಸರಿಸದೆ ಬಿಲ್ಟಿ ಹಾಕುತ್ತಿದ್ದೆ. ಹೆಡ್ಡು ಬದಲಿಸಲು 2,400 ರೂಪಾಯಿ ಆಯಿತು. ಈಗ ಹಿಡಿಯ ಪಕ್ಕದಲ್ಲೇ 1, 4 ಎಂದು ಬಿಳಿ ಬಣ್ಣದಲ್ಲಿ ಬರೆದಿದ್ದೇನೆ. ರಿಬ್ಬನ್ ನಮಗೆ ತಿಂಗಳಿಗೆ ಒಂದು, ಸುಗ್ಗಿಯಲ್ಲಿ ಎರಡು. ಮರುಮಸಿ ಹಾಕಿದ ಅಗ್ಗದ ರಿಬ್ಬನ್ ಒಂದು ಸಲ ತಂದೆ, ಮಸಿ ಹರಡಿ ಮತ್ತೆ ‘ದಾರವಾಡ’ ಬಂತು. ಆಮೇಲೆ ಹೊಸದನ್ನೇ ತರುತ್ತೇನೆ.

ಒಂದೇ ಹಾಳೆಯ ಬಿಲ್ಲು ಕೊಡುವ ಅಂಗಡಿಯವರಿಗೆ ಇದು ಬೇಡ, ಸುಮ್ನೆ ಸದ್ದು. ಕಾರ್ಬನ್ ಪ್ರತಿ ಬೇಕಾದವರು ತಗೊಳ್ಳಿ. ಪ್ರಿಂಟರ್ ಮಾರುವವರು ಇಂಗ್ಲಿಷಿನ ಟೆಸ್ಟ್ ಪೇಜ್ ತೆಗೆದು ತೋರಿಸುತ್ತಾರೆ, ಅದಕ್ಕೆ ಒಪ್ಪಿಕೊಳ್ಳಬೇಡಿ. ‘ಧಾರವಾಡ’, ‘ಹುಬ್ಬಳ್ಳಿ’ ಎಂದು ಕನ್ನಡದಲ್ಲಿ ಟೈಪ್ ಮಾಡಿಸಿ, ಅಲ್ಲೇ ಒಂದು ಪ್ರಿಂಟ್ ತೆಗೆಸಿ. ಮೊದಲು ನೋಡಬೇಕಾದ್ದು ಧ ಅಕ್ಷರದ ಹೊಟ್ಟೆಯನ್ನು.