ಚರ್ಚಾಸ್ಪರ್ಧೆಗೆ ವಿಯೆಟ್ನಾಂ ತಗೊಳ್ಳೋದಾ, ಟರ್ಕಿನಾ?

ದೊಡ್ಡವರ ಜಗಳದಲ್ಲಿ ನಡುವಿನ ದೇಶ ಬದುಕುವುದು ಹೇಗೆ ಅನ್ನೋ ಚರ್ಚೆಗೆ ಯಾವ ಉದಾಹರಣೆ ಹಿಡಿಯಬೇಕು ಅಂತ ಕಾರವಾರದ ಕಾಲೇಜು ಹುಡುಗರು ಕೇಳುತ್ತಿದ್ದಾರೆ.

ವಿಯೆಟ್ನಾಂ ಸುಲಭ. ಯಾವ ಸೇನಾ ಕೂಟಕ್ಕೂ ಸೇರುವುದಿಲ್ಲ, ತನ್ನ ನೆಲದಲ್ಲಿ ಯಾರಿಗೂ ಸೇನಾನೆಲೆ ಕೊಡುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟಿದೆ. 2023ರ ಸೆಪ್ಟೆಂಬರ್‌ನಲ್ಲಿ ಬೈಡನ್ ಹನೋಯ್‌ಗೆ ಬಂದರು, ಡಿಸೆಂಬರ್‌ನಲ್ಲಿ ಷಿ ಜಿನ್‌ಪಿಂಗ್, ಮರುವರ್ಷ ಜೂನ್‌ನಲ್ಲಿ ಪುಟಿನ್. ಮೂವರಿಗೂ ರತ್ನಗಂಬಳಿ. ಹಾಗಂತ ಸಮುದ್ರದಲ್ಲಿ ಚೀನಾದ ತಂಟೆ ತಪ್ಪಿಲ್ಲ.

ಟರ್ಕಿ ಹಾಗಲ್ಲ. 1952ರಿಂದ ಅಮೆರಿಕ ಮುಂದಾಳತ್ವದ ಸೇನಾ ಕೂಟ ನೇಟೋ ಒಳಗೇ ಇದ್ದುಕೊಂಡು 2019ರಲ್ಲಿ ರಷ್ಯಾದಿಂದ ಎಸ್-400 ಕ್ಷಿಪಣಿ ವ್ಯವಸ್ಥೆ ತರಿಸಿಕೊಂಡಿತು, ಅಮೆರಿಕ ಸಿಟ್ಟಾಗಿ ಎಫ್-35 ವಿಮಾನದ ಯೋಜನೆಯಿಂದಲೇ ಹೊರಹಾಕಿತು, ಮರುವರ್ಷ ನಿರ್ಬಂಧವನ್ನೂ ಹೇರಿತು. ಆದರೆ ಕಪ್ಪು ಸಮುದ್ರದ ಬಾಗಿಲು ಅದರ ಕೈಯಲ್ಲಿದೆ, ಅಲ್ವಾ? ಅಲ್ಲಿಗೆ ಹೋಗುವ ಜಲಸಂಧಿಯ ಹಿಡಿತ ಟರ್ಕಿಗೆ ಕೊಟ್ಟ 1936ರ ಮಾಂತ್ರೋ ಒಪ್ಪಂದ ತೋರಿಸಿ, 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಶುರುವಾದಾಗ ಕಾದಾಡುವವರ ಯುದ್ಧನೌಕೆಗಳಿಗೆ ಅದನ್ನು ಮುಚ್ಚಿತು. ಅದೇ ವರ್ಷ ಉಕ್ರೇನ್ ಧಾನ್ಯವನ್ನು ಸಮುದ್ರದ ಮೂಲಕ ಹೊರಗೆ ಸಾಗಿಸುವ ಒಪ್ಪಂದ ಆಗಿದ್ದೂ ಇಸ್ತಾಂಬುಲ್‌ನಲ್ಲೇ.

ವಾದ ನೀಟಾಗಿ ನಿಲ್ಲಬೇಕು ಅಂದರೆ ವಿಯೆಟ್ನಾಂ. ಎದುರಾಳಿ ತಬ್ಬಿಬ್ಬಾಗಬೇಕು ಅಂದರೆ ಟರ್ಕಿ. ನನ್ನ ಓಟು ಟರ್ಕಿಗೆ, ಅಲ್ಲಿ ಲಾಭದ ಜೊತೆ ಪೆಟ್ಟೂ ಕಣ್ಣಿಗೆ ಕಾಣುತ್ತದೆ. ಭಾರತದ ಪ್ರಶ್ನೆ ಬಂದರೆ ಸುಮ್ನೆ ದೂರ ಹೋಗಬೇಡಿ: ನಮ್ಮ ಅರಗಾದ ಕದಂಬ ನೌಕಾನೆಲೆಯ ವಿಮಾನವಾಹಕ ವಿಕ್ರಮಾದಿತ್ಯ ರಷ್ಯಾದಿಂದ ಬಂದ ಹಡಗು, ಅದೇ ನೌಕಾಪಡೆ ಎಂಎಚ್-60ಆರ್ ಹೆಲಿಕಾಪ್ಟರ್ ಕೊಂಡಿದ್ದು ಅಮೆರಿಕದಿಂದ.