ಆರು ವರ್ಷ ಆರ್ಡರ್ ಬಳಸಿದ ಮೇಲೆ: ಕೋಡ್ ಬಿಟ್ಟಿ, ಆದರೂ ದುಡ್ಡು ಕಟ್ಟುತ್ತೇನೆ

ಆರ್ಡರ್ ಅಂದ ಕೂಡಲೇ ಏನನ್ನೋ ತರಿಸಿಕೊಳ್ಳುವುದು ಅಂದುಕೊಳ್ಳಬೇಡಿ. ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡುವ ಓಪನ್ ಸೋರ್ಸ್ ಸಾಫ್ಟ್‌ವೇರಿನ ಹೆಸರೇ ಅದು.

ಮೊದಲು ಸುಮ್ನೆ ಡೆಮೊ ಇಳಿಸಿಕೊಂಡೆ. ಗಿಟಾರಿನ ಎರಡು ಟ್ರ್ಯಾಕ್ ಹಾಕಿ ಕೇಳುತ್ತಾ ಕೂತಿದ್ದೆ, ಇದ್ದಕ್ಕಿದ್ದ ಹಾಗೆ ಸದ್ದೇ ಇಲ್ಲ. ಕೇಬಲ್ ಅಲ್ಲಾಡಿಸಿದೆ, ಹೆಡ್‌ಫೋನ್ ಬದಲಿಸಿದೆ. ಆಮೇಲೆ ನೋಡಿದರೆ ಡೆಮೊ ಇರುವುದೇ ಹಾಗೆ, 10 ನಿಮಿಷಕ್ಕೆ ಮೌನ! ಓದದೇ ಇಳಿಸಿಕೊಂಡದ್ದು ನನ್ನದೇ ತಪ್ಪು.

ಓಪನ್ ಸೋರ್ಸ್ ಅಲ್ವಾ, ದುಡ್ಡು ಯಾಕೆ? ಕೋಡ್ ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸಿನಲ್ಲಿದೆ, ಯಾರು ಬೇಕಾದರೂ ಕಂಪೈಲ್ ಮಾಡಿಕೊಳ್ಳಬಹುದು, ಅಂದರೆ ಕೋಡಿನಿಂದ ಓಡುವ ಪ್ರೋಗ್ರಾಂ ತಾವೇ ತಯಾರಿಸಿಕೊಳ್ಳಬಹುದು. ಲಿನಕ್ಸ್‌ನವರಿಗೆ ಎಷ್ಟೋ ಡಿಸ್ಟ್ರೋಗಳಲ್ಲಿ (ಲಿನಕ್ಸ್‌ನ ಬೇರೆ ಬೇರೆ ರೂಪಗಳಲ್ಲಿ) ಹಾಗೇ ಸಿಗುತ್ತದೆ. ನನ್ನದು ಮ್ಯಾಕ್. ಒಂದು ಭಾನುವಾರ ಪೂರ್ತಿ ಕಂಪೈಲ್‌ಗೆ ಕೂತೆ. ಅದಕ್ಕೆ ಬೇಕಾದ ಲೈಬ್ರರಿಗಳಲ್ಲಿ (ಸಿದ್ಧ ಕೋಡಿನ ಕಟ್ಟುಗಳಲ್ಲಿ) ಒಂದು ಸಿಕ್ಕರೆ ಇನ್ನೊಂದು ಇಲ್ಲ. ಸಂಜೆ ಹೊತ್ತಿಗೆ ಕೈಚೆಲ್ಲಿ ತಿಂಗಳಿಗೆ 1 ಡಾಲರ್ ಕಟ್ಟಿ ರೆಡಿ ಪ್ರೋಗ್ರಾಂ ತೆಗೆದುಕೊಂಡೆ.

ಅದಕ್ಕೂ ಮುಂಚೆ ನಾನು ಬಳಸುತ್ತಿದ್ದದ್ದು ದುಬಾರಿ ಸಾಫ್ಟ್‌ವೇರ್. ಕಂಪನಿ ಲೈಸೆನ್ಸ್ ಸರ್ವರ್ ಮುಚ್ಚಿತು, ನನ್ನ ಹಳೇ ಪ್ರಾಜೆಕ್ಟುಗಳಿಗೆ ಬೀಗ ಬಿತ್ತು. ಆರ್ಡರ್‌ನ ಸೆಷನ್ ಫೈಲ್ ಬರೀ ಎಕ್ಸ್‌ಎಂಎಲ್, ಅಂದರೆ ಸಾದಾ ಅಕ್ಷರಗಳ ಫೈಲ್. ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಆಡಿಯೋ ಪಕ್ಕದ ಫೋಲ್ಡರಿನಲ್ಲೇ ಇರುತ್ತದೆ. ನನಗೆ ಇದೊಂದೇ ಸಾಕು. ಮಿಡಿ ಕೆಲಸವೇ (ಕೀಬೋರ್ಡ್ ಸ್ವರಗಳನ್ನು ಸದ್ದಿನ ಬದಲು ಸೂಚನೆಗಳಾಗಿ ದಾಖಲಿಸುವುದು) ಜಾಸ್ತಿ ಇದ್ದರೆ ಮಾತ್ರ ಬೇರೆ ಕಡೆ ನೋಡಿ.

ಚಿಂತೆ ಇರುವುದು ಮುಂದಿನದರ ಬಗ್ಗೆ. ಇದನ್ನು ಶುರು ಮಾಡಿದ್ದು ಪಾಲ್ ಡೇವಿಸ್. ಅಮೆಜಾನ್‌ನ ಮೊದಲ ದಿನಗಳಲ್ಲಿ ಅಲ್ಲಿ ಕೋಡ್ ಬರೆದವರು. ಲಿನಕ್ಸ್ ಆಡಿಯೋದವರಿಗೆಲ್ಲ ಗೊತ್ತಿರುವ, ಒಂದು ಪ್ರೋಗ್ರಾಂನ ಸದ್ದನ್ನು ಇನ್ನೊಂದಕ್ಕೆ ಸಾಗಿಸುವ ಜ್ಯಾಕ್ ಕೂಡ ಅವರದೇ. ಇಷ್ಟು ದೊಡ್ಡ ಸಾಫ್ಟ್‌ವೇರಿನ ಭಾರ ಬೆರಳೆಣಿಕೆಯ ಜನರ ಹೆಗಲ ಮೇಲಿದೆ. ನಾಳೆ ಅವರಿಗೆ ಸಾಕು ಅನ್ನಿಸಿದರೆ?

ಆಡಾಸಿಟಿ ಅನ್ನುವ ಇನ್ನೊಂದು ಓಪನ್ ಸೋರ್ಸ್ ಆಡಿಯೋ ಸಾಫ್ಟ್‌ವೇರ್ ಬೇರೆ ದಾರಿ ಹಿಡಿಯಿತು. 2021ರಲ್ಲಿ ಮ್ಯೂಸ್ ಗ್ರೂಪ್ ಅನ್ನುವ ಕಂಪನಿಯ ಕೈಗೆ ಹೋಯಿತು. ಬಳಕೆಯ ಮಾಹಿತಿ ಕಲೆ ಹಾಕುತ್ತೇವೆ ಅಂದಾಗ ಗಲಾಟೆ ಎದ್ದಿತು, ಆ ಯೋಜನೆ ಕೈಬಿಟ್ಟರು. ನಾನೂ ಆಗ ಬೈದವನೇ. ಆದರೆ 2022ರ 3.2 ವರ್ಷನ್‌ನಲ್ಲಿ ಹಾಡು ಓಡುತ್ತಿರುವಾಗಲೇ ಎಫೆಕ್ಟ್ ಬದಲಿಸುವ ಸೌಕರ್ಯ ಬಂತು. ಜನ ಎಷ್ಟೋ ವರ್ಷದಿಂದ ಕೇಳುತ್ತಿದ್ದದ್ದು ಅದು. ಸಂಬಳ ಕೊಟ್ಟು ಜನ ಇಟ್ಟರೆ ಕೆಲಸ ಸಾಗುತ್ತದೆ, ಅಲ್ಲಗಳೆಯಲು ಆಗುವುದಿಲ್ಲ. ಆದರೂ ಮಾಲೀಕ ಒಬ್ಬನಾಗುವುದಕ್ಕಿಂತ ಸಾವಿರ ಜನ ಚಿಲ್ಲರೆ ಹಾಕುವುದೇ ನನಗಿಷ್ಟ.

ಹೋದ ವರ್ಷ 1 ಡಾಲರನ್ನು 4ಕ್ಕೆ ಏರಿಸಿದೆ. ನಡುವೆ ನನ್ನ ಕಾರ್ಡ್ ಅವಧಿ ಮುಗಿದು ಎರಡು ತಿಂಗಳು ಕಟ್ಟಲಿಲ್ಲ, ಗಮನಕ್ಕೇ ಬಂದಿರಲಿಲ್ಲ. ಕೈಲಿದ್ದ ವರ್ಷನ್ ಮಾತ್ರ ತನ್ನ ಪಾಡಿಗೆ ಓಡುತ್ತಲೇ ಇತ್ತು.